ನಡೆಯಲಾರದ ಬಾತುಕೋಳಿ ಮತ್ತು ಅಹಿಂಸೆಯ ಹೊಣೆ

ನಡೆಯಲಾರದ ಬಾತುಕೋಳಿಯನ್ನು ಮಾಂಸದಂಗಡಿಯಿಂದಲೋ ನಾಯಿಯ ಬಾಯಿಂದಲೋ ಬಿಡಿಸಿ ತಂದವರಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಅದನ್ನು ಬದುಕಿಸುವುದು ದಯೆಯೋ, ನೋವಿಲ್ಲದ ಸಾವು ಕೊಡಿಸುವುದು ದಯೆಯೋ ಎಂಬುದು ಮೊದಲನೆಯದು. ಬದುಕಿಸಿದ ಮೇಲೆ ಆ ಬದುಕಿನ ಹೊಣೆ ಎಷ್ಟು ದೂರ ಹೋಗುತ್ತದೆ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಭಾರತದಲ್ಲಿ ಬಿಸಿಬಿಸಿ ವಾದಗಳೇ ನಡೆದಿವೆ. ಆದರೆ ದಿನದಿನದ ಕಷ್ಟವೆಲ್ಲ ಇರುವುದು ಎರಡನೆಯದರಲ್ಲಿ.

ಬಾತಿನ ಕಾಲು ಸೋಲಲು ಕಾರಣಗಳು ಹಲವು. ಕೋಳಿಗಿಂತ ಬಾತಿಗೆ ನಯಾಸಿನ್ ಎಂಬ ಬಿ3 ಜೀವಸತ್ವ ಹೆಚ್ಚು ಬೇಕು. ಕೋಳಿಮರಿಯ ಆಹಾರವನ್ನಷ್ಟೇ ತಿಂದು ಬೆಳೆದ ಬಾತುಮರಿಗೆ ಅದು ಸಾಲದೆ ಕಾಲು ಬಾಗಬಹುದು. ಬೇಗ ಗುರುತಿಸಿ ನಯಾಸಿನ್ ಕೊಟ್ಟರೆ ಚೇತರಿಕೆಯುಂಟು; ತಡವಾದರೆ ಮೂಳೆ ಸೊಟ್ಟಗೇ ಉಳಿಯುತ್ತದೆ. ಮಾಂಸಕ್ಕೆಂದೇ ಬೆಳೆಸುವ ಬಿಳಿ ಪೆಕಿನ್ ತಳಿಗೆ ತನ್ನ ಮೈಭಾರವೇ ಮುಳುವಾಗುತ್ತದೆ. ಅಂಗಾಲಿನ ಗಾಯ ಕೀವುಗಟ್ಟಿ, ಸೋಂಕು ಮೂಳೆಗಿಳಿಯುವುದೂ ಇದೆ. ಹಾಗಾಗಿ ಧರ್ಮಾಧರ್ಮದ ಚರ್ಚೆಗೆ ಮೊದಲು ಪಶುವೈದ್ಯರ ಪರೀಕ್ಷೆ ಆಗಬೇಕು. ವಾಸಿಯಾಗುವ ಕಾಲನ್ನು ಕರ್ಮವೆಂದು ಬಿಟ್ಟುಬಿಡುವುದು ತಪ್ಪು. ದಯಾಮರಣದ ವಿಷಯವಾಗಿಸುವುದು ಇನ್ನೂ ದೊಡ್ಡ ತಪ್ಪು.

ಕಾಲಿನ ಬಲ ಮರಳದೆಂದು ಖಚಿತವಾದಾಗ, ಮೊದಲ ಪ್ರಶ್ನೆಗೆ ಜೈನಧರ್ಮದ ಉತ್ತರದಲ್ಲಿ ಅನುಮಾನವಿಲ್ಲ. ಹಕ್ಕಿ ಪಂಚೇಂದ್ರಿಯ ಜೀವಿ. ಅದರ ಆಯುಷ್ಯ ಅದರ ಕರ್ಮಕ್ಕೆ ಸೇರಿದ್ದು. ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದಕ್ಕೆ ಬಿಡುಗಡೆಯಾದೀತೆಂಬ ವಾದವನ್ನು ಜೈನ ಆಚಾರ್ಯ ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ ಗ್ರಂಥ ಎತ್ತಿಕೊಂಡು ನಿರಾಕರಿಸುತ್ತದೆ. ಗುಜರಾತಿನ ಪಾಂಜರಾಪೋಳಗಳೆಂಬ ಪ್ರಾಣಿಗಳ ಆಶ್ರಯತಾಣಗಳೂ, ದೆಹಲಿಯ ಕೆಂಪುಕೋಟೆಯ ಎದುರಿಗೆ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಹಕ್ಕಿಗಳ ಆಸ್ಪತ್ರೆಯೂ ಈ ನಂಬಿಕೆಯ ಮೇಲೆ ನಿಂತಿವೆ. ಅದೇ ಜೈನಧರ್ಮ ಉಪವಾಸದಿಂದ ದೇಹ ಬಿಡುವ ಸಲ್ಲೇಖನವನ್ನು ಗೌರವಿಸುತ್ತದೆ. ಹಾಗೆ ದೇಹ ಬಿಟ್ಟವರ ನೆನಪಿನ ಶಾಸನಗಳು ಶ್ರವಣಬೆಳಗೊಳದ ಬಂಡೆಗಳ ಮೇಲೆ ತುಂಬಿವೆ. ಇಲ್ಲಿ ವಿರೋಧವೇನೂ ಇಲ್ಲ. ಸಲ್ಲೇಖನ ಸಾಧಕ ಎಚ್ಚರದಲ್ಲಿದ್ದು ತಾನೇ ತೊಡುವ ವ್ರತ. ಬಾತು ವ್ರತ ತೊಡಲಾರದು. ಅದರ ಪರವಾಗಿ ಇನ್ನೊಬ್ಬರು ತೊಡುವಂತಿಲ್ಲ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗಾಂಧೀಜಿ ಇದಕ್ಕೆ ಎದುರಾದ ತೀರ್ಮಾನಕ್ಕೆ ಬಂದರು. ಅಲ್ಲಿನ ಕರುವೊಂದು ವಾಸಿಯಾಗದ ನೋವಿನಲ್ಲಿ, ಮಗ್ಗುಲು ಬದಲಿಸಲೂ ಆಗದೆ ಬಿದ್ದಿತ್ತು. ಆಶ್ರಮವಾಸಿಗಳೊಡನೆ ಚರ್ಚಿಸಿ ಅವರು ಅದಕ್ಕೆ ಚುಚ್ಚುಮದ್ದಿನಿಂದ ಸಾವು ಕೊಡಿಸಿದರು. ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ಅದನ್ನು ಬಹಿರಂಗವಾಗಿ ಬರೆದಾಗ ಸಿಟ್ಟಿನ ಪತ್ರಗಳು ಬಂದವು. ಇದೇ ನಿಯಮ ಮನುಷ್ಯರಿಗೂ ತಮಗೂ ಅನ್ವಯಿಸುತ್ತದೆಂಬ ಅವರ ನಿಲುವು ಬದಲಾಗಲಿಲ್ಲ. ಆದರೆ ಅವರು ಹಾಕಿಕೊಂಡ ನಿಬಂಧನೆಗಳು ಕಟ್ಟುನಿಟ್ಟಿನವು. ರೋಗ ಗುಣವಾಗದ್ದಾಗಿರಬೇಕು, ಸಂಬಂಧಪಟ್ಟವರೆಲ್ಲ ಆಸೆ ಬಿಟ್ಟಿರಬೇಕು, ಯಾವ ಸೇವೆಯೂ ನೆರವಾಗದಂತಿರಬೇಕು, ನರಳುವ ಜೀವಿ ತನ್ನ ಇಚ್ಛೆಯನ್ನು ತಿಳಿಸಲಾರದಂತಿರಬೇಕು. ಜೀವಿಯ ಮೂಕತನ ಜೈನರಿಗೆ ಕೊಲ್ಲದಿರಲು ಕಾರಣ; ಗಾಂಧೀಜಿಗೆ ಅದೇ ಇನ್ನೊಬ್ಬರು ತೀರ್ಮಾನಿಸಬೇಕಾಗಿ ಬರುವುದಕ್ಕೆ ಕಾರಣ. ಈ ಭೇದವನ್ನು ಯಾವ ತರ್ಕವೂ ಕರಗಿಸಲಾರದು.

ಆದರೂ ಬಾತಿನ ವಿಷಯದಲ್ಲಿ ಇಬ್ಬರೂ ಬಹಳ ದೂರ ಜೊತೆಗೇ ಸಾಗಬಹುದು. ಕಾಲು ಸೋತ ಬಾತಿಗೆ ಸೇವೆ ನೆರವಾಗುತ್ತದೆ, ಅದೂ ಚೆನ್ನಾಗಿಯೇ. ನೆಲದ ಮೇಲೆ ಅಸಹಾಯಕವಾದ ಈ ಹಕ್ಕಿಯ ಭಾರವನ್ನು ನೀರು ಹೊರುತ್ತದೆ. ತೇಲುತ್ತಾ ಅದು ಮೈ ತೊಳೆದುಕೊಳ್ಳುತ್ತದೆ, ತಲೆ ಅದ್ದಿ ಮೂಗು ಕಣ್ಣು ಶುಚಿಮಾಡಿಕೊಳ್ಳುತ್ತದೆ, ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಗರಿಗಳಿಗೆ ಸವರಿಕೊಳ್ಳುತ್ತದೆ. ಹೀಗೆ ಬಾಳುವ ಜೀವವನ್ನು ಗಾಂಧೀಜಿಯ ಮೂರನೆಯ ನಿಬಂಧನೆಯೇ ಕಾಪಾಡುತ್ತದೆ.

ಉಳಿಸಿದವರ ಹೊಣೆಗೆ ಅಳತೆಗೋಲು ಜೈನ ಗ್ರಂಥಗಳಲ್ಲೇ ಇದೆ. ತತ್ತ್ವಾರ್ಥಸೂತ್ರ ಗೃಹಸ್ಥರ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತದ ಲೋಪಗಳನ್ನು, ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಇವುಗಳಲ್ಲಿ ಮೊದಲಿನದೂ ಕೊನೆಯದೂ ನೇರವಾಗಿ ಸಾಕುವವರನ್ನೇ ಉದ್ದೇಶಿಸಿವೆ. ಪೆಟ್ಟಿಗೆಯೊಳಗೆ ಕಾಳು ಹಾಕಿ, ಬಟ್ಟಲಲ್ಲಿ ಗುಟುಕು ನೀರಿಟ್ಟು ಬಿಟ್ಟರೆ ಬಾತು ಸಾಯದೆ ಉಳಿದೀತು. ಆದರೆ ಒಂದೇ ಕಡೆ ಕೂತು ಎದೆಯ ಮೂಳೆಯ ಮೇಲಿನ ಚರ್ಮ ಹುಣ್ಣಾಗುತ್ತದೆ, ಹಿಕ್ಕೆ ಗರಿಗಂಟಿ ನೊಣ ಮೊಟ್ಟೆಯಿಡುತ್ತದೆ, ಹುಳು ಬೀಳುತ್ತದೆ. ಈಜಲು ನೀರಿಲ್ಲದೆ ಬಾತನ್ನು ಇಡುವುದು ನೀರು ತಡೆದಂತೆಯೇ. ಮೆತ್ತನೆಯ ಒಣ ಹಾಸು, ದಿನವೂ ತೊಳೆಯುವುದು, ಕಾಲ ಕಾಲಕ್ಕೆ ಮಗ್ಗುಲು ಬದಲಿಸುವುದು, ದಿನವೂ ತೇಲುವ ಅವಕಾಶ ಇವೆಲ್ಲ ಕೊಲ್ಲದಿರುವ ವ್ರತದ ಒಳಗೇ ಬರುತ್ತವೆ. ಜೊತೆಗಾರ ಹಕ್ಕಿಯೂ ಬೇಕು, ಏಕೆಂದರೆ ಬಾತು ಗುಂಪಿನ ಜೀವಿ. ಸಾಕಿದ ಬಾತು ಹತ್ತು ವರ್ಷ ಬದುಕಬಹುದು. ಅಷ್ಟೂ ಕಾಲ ಯಾರ ಕೈ ಇರುತ್ತದೆ ಎಂಬುದನ್ನು ಬಿಡಿಸಿ ತರುವ ದಿನವೇ ಯೋಚಿಸಬೇಕು.

ಸೇವೆ ನೆರವಾಗದ ದಿನವೂ ಬರಬಹುದು. ಹಕ್ಕಿಗಳು ನೋವನ್ನು ಮುಚ್ಚಿಡುತ್ತವೆ. ತಿನ್ನುವುದನ್ನು ಬಿಡುವುದು, ಗರಿ ತೀಡಿಕೊಳ್ಳದಿರುವುದು, ನೀರಿಗಿಳಿಸಿದರೂ ಅಲುಗದಿರುವುದು ಅದರ ಗುರುತುಗಳು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ನರಳುವ ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭವನ್ನು ಒಪ್ಪುತ್ತದೆ. ಆ ಹಂತದಲ್ಲಿ ಜೈನರ ದಾರಿಯೂ ಗಾಂಧೀಜಿಯ ದಾರಿಯೂ ಮತ್ತೆ ಕವಲೊಡೆಯುತ್ತವೆ. ಆದರೆ 1928ರಲ್ಲಿ ಇಲ್ಲದಿದ್ದ ಒಂದು ಅನುಕೂಲ ಈಗಿದೆ: ಮೆಲೋಕ್ಸಿಕ್ಯಾಮ್‌ನಂಥ ನೋವುನಿವಾರಕಗಳನ್ನು ಪಶುವೈದ್ಯರು ಹಕ್ಕಿಗಳಿಗೂ ಕೊಡುತ್ತಾರೆ. ಕೊಲ್ಲಲೊಪ್ಪದವರು ಈ ಔಷಧಿಯನ್ನಾದರೂ ಕೊಡಿಸಲೇಬೇಕು. ಸಾವು ಕೊಡಿಸಲೊಪ್ಪುವವರು ಅದನ್ನು ಕೊಟ್ಟು ನೋಡಿದ ಮೇಲಷ್ಟೇ ಆ ಮಾತೆತ್ತಬೇಕು.