ಎದುರು ಕುಳಿತವರ ಹಕ್ಕು

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಮಾನ್ವಿ ದಾಟಿದರೆ ಪೋತ್ನಾಳ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆ. ಅಲ್ಲಿ ಒಂದು ಚಹಾದಂಗಡಿಯ ಮುಂದೆ, ಭಾವಚಿತ್ರ ಬರೆಯಲು ಕಲಿಯುತ್ತಿದ್ದ ನಾವು ಕೆಲವರು ಒಮ್ಮೆ ಒಬ್ಬ ಹಿರಿಯ ರೈತರನ್ನು ಬೆಂಚಿನ ಮೇಲೆ ಕೂರಿಸಿಕೊಂಡಿದ್ದೆವು. ನಿಯಮ ಇಷ್ಟೇ: ಫೋಟೋ ನೋಡಬಾರದು, ಮನೆಗೆ ಒಯ್ದು ತಿದ್ದಬಾರದು, ಒಂದೇ ಬೈಠಕ್ಕಿನಲ್ಲಿ ಚಿತ್ರ ಮುಗಿಯಬೇಕು. ಎರಡು ತಾಸಿನ ನಂತರ ಚಿತ್ರ ನೋಡಿದ ಅಜ್ಜ ನಕ್ಕರು. "ಗಡ್ಡ ನಂದೇ ಅದ, ರುಮಾಲ ನಂದೇ ಅದ. ಆದ್ರ ಇಂವ ಯಾರೋ ಬ್ಯಾರೆ ಮನಷ್ಯಾ ಅದಾನ."

ಅವರ ಮಾತು ನಿಜವಾಗಿತ್ತು. ನಾವು ಬರೆದದ್ದು ಕ್ಯಾಲೆಂಡರುಗಳಲ್ಲಿ ನೋಡಿದ ಬಡ ರೈತನನ್ನು: ಸುಕ್ಕು, ದಣಿವು, ದೈನ್ಯ. ನಮ್ಮೆದುರು ಕುಳಿತಿದ್ದವರಾದರೋ ಎರಡು ತಾಸೂ ತಮಾಷೆಯ ಮಾತನಾಡುತ್ತಿದ್ದರು. ಪ್ರತಿ ತಮಾಷೆಗೆ ಮುಂಚೆ ಅವರ ಒಂದು ಹುಬ್ಬು ಮೇಲೇರುತ್ತಿತ್ತು. ಅದು ನಮಗೆ ಕಂಡೇ ಇರಲಿಲ್ಲ.

ಹೊಸಬರೆಲ್ಲ ಮಾಡುವ ತಪ್ಪು ಇದು. ಅವರು ಕಣ್ಣಿನಿಂದ ಆರಂಭಿಸುತ್ತಾರೆ, ಏಕೆಂದರೆ ಕಣ್ಣು ಹೇಗಿರುತ್ತದೆಂದು ತಮಗೆ ಗೊತ್ತೆಂದು ಅವರ ಎಣಿಕೆ. ಬಲ್ಲವರು ಕಣ್ಣು ಕಿರಿದು ಮಾಡಿ ಮೊದಲು ಬೆಳಕು ಮತ್ತು ನೆರಳಿನ ದೊಡ್ಡ ಭಾಗಗಳನ್ನು ನೋಡುತ್ತಾರೆ. ರೆಪ್ಪೆ, ಕೂದಲು ಕೊನೆಗೆ. ತೈಲವರ್ಣದಲ್ಲಿ ಹಸಿ ಬಣ್ಣದ ಮೇಲೆಯೇ ಹಸಿ ಬಣ್ಣ ಇಡಬೇಕು. ತಪ್ಪಿದ್ದನ್ನು ತಿಕ್ಕುತ್ತ ಹೋದರೆ ಎಲ್ಲವೂ ಕೆಸರಾಗುತ್ತದೆ. ಚಾಕುವಿನಿಂದ ಕೆರೆದು ತೆಗೆದು, ಮತ್ತೆ ನೋಡಿ, ಮತ್ತೆ ಇಡಬೇಕು. ಅಷ್ಟರಲ್ಲಿ ಸೂರ್ಯ ಸರಿದು ಮುಖದ ನೆರಳೂ ಜಾಗ ಬದಲಿಸಿರುತ್ತದೆ.

ಹಾಗಾದರೆ ಎರಡು ತಾಸಿನಲ್ಲಿ ಒಬ್ಬ ಮನುಷ್ಯನ ಬಗ್ಗೆ ಏನನ್ನಾದರೂ ಹೇಳುವ ಅಧಿಕಾರ ನಮಗಿದೆಯೇ? ಪ್ರಶ್ನೆ ಚಿತ್ರಕಾರರದು ಮಾತ್ರವಲ್ಲ. ಬಸ್ ನಿಲ್ದಾಣದಲ್ಲಿ ಟೋಪಿ, ಬುರ್ಖಾ, ಕುಂಕುಮ, ಅಡ್ಡಹೆಸರು ನೋಡಿ ನಾವೆಲ್ಲರೂ ಎರಡು ನಿಮಿಷದಲ್ಲಿ ತೀರ್ಪು ಕೊಡುತ್ತೇವೆ. ಕೆರೆದು ತೆಗೆಯುವ ಚಾಕು ಮಾತ್ರ ನಮ್ಮ ಕೈಯಲ್ಲಿರುವುದಿಲ್ಲ.

1618ರಲ್ಲಿ ಬಾದಶಹ ಜಹಾಂಗೀರನ ಆಪ್ತ ಸೇವಕ ಇನಾಯತ್ ಖಾನ್ ಅಫೀಮು ಮತ್ತು ಮದ್ಯದ ಚಟದಿಂದ ಮರಣಾಸನ್ನನಾಗಿದ್ದ. ಆಗ್ರಾಕ್ಕೆ ಹೋಗಲು ಅಪ್ಪಣೆ ಕೇಳಲು ಅವನನ್ನು ಪಲ್ಲಕ್ಕಿಯಲ್ಲಿ ತರಲಾಯಿತು. ಎಲುಬು ತೊಗಲಷ್ಟೇ ಉಳಿದಿದ್ದ ಆ ದೇಹವನ್ನು ಕಂಡು ಬೆರಗಾದ ಜಹಾಂಗೀರ್ ಅವನ ಚಿತ್ರ ಬರೆಯುವಂತೆ ಕಲಾವಿದರಿಗೆ ಆಜ್ಞಾಪಿಸಿದ. ದಾರಿಖರ್ಚಿಗೆ 2,000 ರೂಪಾಯಿ ಕೊಟ್ಟ. ಮರುದಿನ ಖಾನ್ ತೀರಿಕೊಂಡ. ಇದನ್ನು ಬಾದಶಹನೇ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಆ ರೇಖಾಚಿತ್ರ ಇಂದು ಬೋಸ್ಟನ್ನಿನ ಸಂಗ್ರಹಾಲಯದಲ್ಲಿದೆ. ನೋಡಿದವರು ಮರೆಯಲಾರರು, ಅಷ್ಟು ಸತ್ಯವಾಗಿದೆ. ಆದರೆ ಸತ್ಯವಾಗಿರುವುದಷ್ಟೇ ಸಾಕೇ? ಸಾಯುತ್ತಿದ್ದವನಿಗೆ ಬೇಡವೆನ್ನುವ ಸ್ಥಿತಿ ಇತ್ತೇ?

ಇನ್ನೊಂದು ಪ್ರಸಂಗ ನೋಡಿ. 1650ರಲ್ಲಿ ಸ್ಪೇನಿನ ವೆಲಾಸ್ಕೆಸ್ ರೋಮಿನಲ್ಲಿದ್ದಾಗ, ಪೋಪರ ಭಾವಚಿತ್ರಕ್ಕೆ ಮುಂಚೆ ಕೈ ಪಳಗಿಸಿಕೊಳ್ಳಲೆಂದು ಒಬ್ಬ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆದನೆಂದು ಅವನ ಜೀವನಚರಿತ್ರೆಕಾರ ಹೇಳುತ್ತಾನೆ. ಆ ವ್ಯಕ್ತಿ ಹುವಾನ್ ದೆ ಪರೇಹಾ, ಆಂಡಲೂಸಿಯಾದಲ್ಲಿ ಹುಟ್ಟಿದವನು, ವೆಲಾಸ್ಕೆಸ್‌ನ ಗುಲಾಮ. ಚಿತ್ರದಲ್ಲಿ ಆತ ನೋಡುಗರನ್ನು ನೇರ ದಿಟ್ಟಿಸುತ್ತಾನೆ. ಗುಲಾಮತನದ ಒಂದು ಗುರುತೂ ಅಲ್ಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಸ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ಅದು ಜಾರಿಗೆ ಬರಲು ಮತ್ತೆ ನಾಲ್ಕು ವರ್ಷ ದುಡಿಯಬೇಕೆಂಬ ಷರತ್ತಿತ್ತು. ಚಿತ್ರ ಬರೆದದ್ದರಿಂದಲೇ ಬಿಡುಗಡೆ ದೊರೆಯಿತೆಂದು ನಾವು ಹೇಳಲಾರೆವು. ಷರತ್ತನ್ನು ನೋಡಿದರೆ, ಮುಖವನ್ನು ಚೆನ್ನಾಗಿ ನೋಡಿದ ಮಾತ್ರಕ್ಕೆ ನ್ಯಾಯ ಪೂರ್ತಿಯಾಗುವುದಿಲ್ಲ ಎಂಬುದು ಸ್ಪಷ್ಟ. ಮುಂದೆ ಪರೇಹಾ ಸ್ವತಃ ಚಿತ್ರಕಾರನಾದ. 1661ರ ತನ್ನ ದೊಡ್ಡ ಚಿತ್ರವೊಂದರ ಅಂಚಿನಲ್ಲಿ ತನ್ನನ್ನೇ ಬರೆದುಕೊಂಡ. ತನ್ನ ಮುಖದ ಬಗ್ಗೆ ಅವನಿಗೂ ಹೇಳಲು ಏನೋ ಇತ್ತು.

ಜೀವಿಗಳ ಚಿತ್ರ ಬರೆಯಬಹುದೇ ಎಂಬ ಬಗ್ಗೆ ಮುಸ್ಲಿಂ ಸಮಾಜದಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವು ವಿದ್ವಾಂಸರು ಪೂರ್ತಿ ನಿಷೇಧಿಸುತ್ತಾರೆ, ಗುರುತಿನ ಚೀಟಿಯಂಥ ಅಗತ್ಯಕ್ಕೆ ಹಲವರು ಒಪ್ಪುತ್ತಾರೆ. ಆ ಚರ್ಚೆ ಇಲ್ಲಿ ಇತ್ಯರ್ಥವಾಗುವಂಥದ್ದಲ್ಲ. ಆದರೆ ಅದರ ಹಿಂದಿರುವ ಎಚ್ಚರ ಕುಂಚ ಹಿಡಿದವರಿಗೂ ಬೇಕು: ಮನುಷ್ಯನನ್ನು ಸೃಷ್ಟಿಸಿದವರು ನಾವಲ್ಲ. ನಾವು ಬರೆಯುವುದು ಈ ದಿನ, ಈ ಬೆಳಕಿನಲ್ಲಿ, ನಮಗೆ ಕಂಡಷ್ಟನ್ನು ಮಾತ್ರ.

ಮರುವಾರ ಅಜ್ಜನನ್ನು ಮತ್ತೆ ಕೇಳಿಕೊಂಡೆವು, ಬಂದರು. ಈ ಸಲ ಅರ್ಧಕ್ಕೇ ಚಿತ್ರವನ್ನು ಅವರತ್ತ ತಿರುಗಿಸಿದೆವು. ಹುಬ್ಬಿನ ಕಡೆ ಬೆರಳು ತೋರಿಸಿ, "ಇದಾತು. ಬಾಯಿ ಇನ್ನೂ ಬಂದಿಲ್ಲ" ಎಂದರು. ನಾವು ಬಾಯಿಯನ್ನು ಕೆರೆದು ತೆಗೆದು ಮತ್ತೆ ನೋಡತೊಡಗಿದೆವು.