ಸತ್ಯವೂ ಸಹನೆಯೂ

ಒಂದೂವರೆ ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದ್ದನ್ನು ಬೆರಳು ಚಾಚಿ ತೋರಿಸುವುದಿಲ್ಲ. ತಾಯಿಯ ಕೈ ಹಿಡಿದೆಳೆದು ಆ ವಸ್ತುವಿನ ಮೇಲಿಡುತ್ತದೆ. ಆಟದ ಕಾರನ್ನು ಬೋರಲು ಹಾಕಿ ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ. ಇದನ್ನು ಮೊದಲು ಗಮನಿಸುವವಳು ಸಾಮಾನ್ಯವಾಗಿ ತಾಯಿ. ಅಳುಕುತ್ತಲೇ ಅವಳು ಬಾಯಿಬಿಟ್ಟರೆ ಬರುವ ಉತ್ತರ ನಮಗೆಲ್ಲ ಗೊತ್ತಿರುವುದೇ: “ಗಂಡುಮಕ್ಕಳು ಮಾತಾಡುವುದು ತಡ. ಇವನ ಅಬ್ಬಾನೂ ಮೂರು ತುಂಬಿದ ಮೇಲೇ ಬಾಯಿಬಿಟ್ಟಿದ್ದು. ಸಬರ್ ಮಾಡು ಬೇಟಿ.” ಪಕ್ಕದ ಮನೆಯ ಅಜ್ಜಿಯೂ ತನ್ನ ಕನ್ನಡದಲ್ಲಿ ಇದನ್ನೇ ಹೇಳುತ್ತಾಳೆ.

ಈ ಮಾತಿನಲ್ಲಿ ಪ್ರೀತಿಯಿದೆ. ಆದರೆ ಪ್ರೀತಿಯಿಂದ ಆಡಿದ ಮಾತ್ರಕ್ಕೆ ಒಂದು ಮಾತು ಸರಿಯಾಗುತ್ತದೆಯೇ?

ಇಂಥ ಲಕ್ಷಣಗಳು ಕಂಡವೆಂದು ಮಗುವಿಗೆ ಆಟಿಸಂ ಇದೆಯೆಂದು ತೀರ್ಮಾನಿಸುವಂತಿಲ್ಲ. ಕಿವಿ ಕೇಳಿಸದ ಮಗುವೂ ಕರೆಗೆ ಓಗೊಡುವುದಿಲ್ಲ. ತಡವಾಗಿ ಮಾತು ಕಲಿತು ಉಳಿದವರ ಜೊತೆ ಸೇರಿಕೊಳ್ಳುವ ಮಕ್ಕಳೂ ಇದ್ದಾರೆ. ಆದ್ದರಿಂದಲೇ ಪರೀಕ್ಷೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳನ್ನೂ ಆಟಿಸಂಗಾಗಿ ತಪಾಸಣೆ ಮಾಡಬೇಕೆಂದು ಹೇಳುತ್ತದೆ. ಮಿದುಳು ವೇಗವಾಗಿ ಬೆಳೆಯುವ ಆ ವರ್ಷಗಳಲ್ಲಿ ಸಿಗುವ ನೆರವಿಗೆ ಹೆಚ್ಚಿನ ಬೆಲೆಯಿದೆ.

“ಸುಮ್ಮನೆ ಹೆದರಿಸುವುದೇಕೆ? ಒಂದು ಹೆಸರು ಅಂಟಿಕೊಂಡರೆ ಮಗುವಿನ ಗತಿಯೇನು, ಅದರ ಅಕ್ಕನ ಮದುವೆಯ ಗತಿಯೇನು?” ಎಂದು ಕೇಳುವವರಿದ್ದಾರೆ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೂ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ನೋಡೋಣ. ಮಗುವಿಗೆ ಏನೂ ಇಲ್ಲದಿದ್ದು ನಾವು ತೋರಿಸಿಕೊಂಡು ಬಂದರೆ ಹೋಗುವುದು ಕೆಲವು ದಿನ, ಒಂದಷ್ಟು ಹಣ, ಒಂದಷ್ಟು ನಿದ್ದೆ. ಇದ್ದೂ ನಾವು ಸುಮ್ಮನಿದ್ದರೆ ಕಳೆದುಹೋಗುವುದು ಮಗುವಿನ ವರ್ಷಗಳು. ಅವನ್ನು ಮರಳಿ ತರುವವರಿಲ್ಲ.

ಅಲ್ಲದೆ ನೆರವು ರೋಗದ ಹೆಸರಿಗಾಗಿ ಕಾಯಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಮಗು ನೋಡುವ ಕಡೆ ನೀವೂ ನೋಡಿ, ಅದರ ಸಣ್ಣ ಸನ್ನೆಗೂ ಉತ್ತರ ಕೊಡಿ, ಅದು ಆಡುವ ಆಟದೊಳಗೆ ನೀವು ಸೇರಿಕೊಳ್ಳಿ ಎಂಬಂಥ ಸಂಗತಿಗಳನ್ನು ಅವರು ತಂದೆತಾಯಿಗೆ ಹೇಳಿಕೊಟ್ಟರು. ತರಬೇತಿ ಸಿಕ್ಕ ಮನೆಗಳಲ್ಲಿ ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ಮುಂದಾಗುವುದು ಹೆಚ್ಚಿತು. ಇದು ಆಟಿಸಂ ಅನ್ನು ‘ವಾಸಿ’ ಮಾಡುವ ಮದ್ದಲ್ಲ. ಆದರೆ ಕೇವಲ ಮಾತು ತಡವಾದ ಮಗುವಿಗೂ ಇದರಿಂದ ಕೆಡುಕಾಗದು.

ಇನ್ನು ದೂರುವ ಚಟ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಲೋಕದ ಗಮನಕ್ಕೆ ತಂದ ಬಳಿಕ, ತಾಯಿಯ ತಣ್ಣನೆಯ ಮನಸ್ಸೇ ಇದಕ್ಕೆ ಕಾರಣವೆಂಬ ವಾದ ಹಬ್ಬಿತು. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲೇ ಅದನ್ನು ಅಲ್ಲಗಳೆದರು. ಆದರೂ 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದೇ ವಾದವನ್ನು ಪುಸ್ತಕವಾಗಿ ಬರೆದರು. ಎಷ್ಟೋ ತಾಯಂದಿರು ಮಾಡದ ಅಪರಾಧವನ್ನು ಹೊತ್ತರು. ಆ ವಾದವನ್ನು ವಿಜ್ಞಾನ ಕೈಬಿಟ್ಟಿದೆ, ನಾವು ಬಿಟ್ಟಿಲ್ಲ. ಕೆಲಸಕ್ಕೆ ಹೋದಳು, ಮೊಬೈಲ್ ಕೊಟ್ಟಳು, ನಜರ್ ತಾಗಿಸಿಕೊಂಡಳು, ಲಸಿಕೆ ಹಾಕಿಸಿದಳು. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. “ಮನೆಯಲ್ಲಿ ಉರ್ದು ಬಿಡಿ, ಎರಡು ಭಾಷೆಯಿಂದ ಮಗು ಗೊಂದಲಗೊಂಡಿದೆ” ಎಂಬ ಸಲಹೆಯೂ ಇದೇ ಜಾತಿಯದು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುವುದು ಅಧ್ಯಯನಗಳಲ್ಲಿ ಕಂಡಿಲ್ಲ. ಲಾಲಿ ಹಾಡುವ ಭಾಷೆಯನ್ನೇ ಕಿತ್ತುಕೊಂಡರೆ ತಾಯಿ ಮಗುವಿನ ಜೊತೆ ಯಾವ ಭಾಷೆಯಲ್ಲಿ ಆಡಬೇಕು?

ನಮಾಝಿನಲ್ಲಿ ನಾವು ಪದೇ ಪದೇ ಓದುವ ಚಿಕ್ಕ ಸೂರಾ ಅಲ್ ಅಸ್ರ್. ಕಾಲದ ಮೇಲೆ ಆಣೆಯಿಟ್ಟು ಅದು ಆರಂಭವಾಗುತ್ತದೆ. ಪರಸ್ಪರ ಸತ್ಯವನ್ನೂ ಸಹನೆಯನ್ನೂ ಬೋಧಿಸುವವರನ್ನು ನಷ್ಟಹೊಂದಿದವರಿಂದ ಬೇರೆ ಮಾಡುತ್ತದೆ. ಅಲ್ಲಿ ಸತ್ಯ ಮೊದಲು, ಸಹನೆ ಆಮೇಲೆ. ನಾವು ಈ ತಾಯಿಗೆ ಸಹನೆಯನ್ನು ಮಾತ್ರ ಹೇಳಿ ಸತ್ಯವನ್ನು ನುಂಗಿಕೊಳ್ಳುತ್ತೇವೆ. ದುವಾ ಮಾಡೋಣ, ಅದು ವೈದ್ಯರ ಬಾಗಿಲನ್ನು ಮುಚ್ಚುವುದಿಲ್ಲ. ಆದರೆ ಸಬರ್ ಎಂಬುದು ಪಕ್ಕದಲ್ಲಿ ನಿಂತವರು ಹೇಳಿ ಕೈತೊಳೆದುಕೊಳ್ಳುವ ಮಾತಾಗಬಾರದು. ವರ್ಷಗಟ್ಟಲೆ ಮಗುವನ್ನು ಎತ್ತಿಕೊಂಡು ತಿರುಗುವವರಿಗೆ ಅದು ಬೇಕು. ಅವರು ಹೊರುವುದರಲ್ಲಿ ಒಂದು ಪಾಲು ಹೊರುವುದೇ ನಮ್ಮ ಕೆಲಸ.

ದಾರಿಗಳು ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳ ಬೆಳವಣಿಗೆಯ ವಿಳಂಬವನ್ನು ಬೇಗ ಗುರುತಿಸಿ ಜಿಲ್ಲಾ ಕೇಂದ್ರಗಳಿಗೆ ಕಳಿಸಲೆಂದೇ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆದರೆ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಊರಿಗೆ ಹೋಗುವವಳು ಒಬ್ಬ ಹೆಂಗಸು. ಮನೆಯಲ್ಲಿ ಉಳಿದ ಮಗುವನ್ನು ಅಂದು ಯಾರು ನೋಡಿಕೊಳ್ಳುತ್ತಾರೆ? ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗುವ ಗಂಡನಿಗೆ ಆ ಕೂಲಿಯನ್ನು ಯಾರು ತುಂಬಿಕೊಡುತ್ತಾರೆ? ಶಾದಿ ಮಹಲ್‌ನಲ್ಲಿ ಆ ಮಗು ಕೂಗಾಡಿದರೆ ಯಾರು ಮುಖ ಸಿಂಡರಿಸದೆ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ? ನಮ್ಮ ಮೊಹಲ್ಲಾಗಳೂ ಜಮಾಅತ್‌ಗಳೂ ಈ ಮೂರು ಪ್ರಶ್ನೆಗಳಿಂದ ಕೆಲಸ ಆರಂಭಿಸಬಹುದು.