ನೋಡೋದು, ನೋಡ್ಕೊಳ್ಳೋದು

ಜಗಳೂರು ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಟೀಚರಾಗಿದ್ದ ಅಮ್ಮನಿಗೆ ನಾನು ಪಾಠ ಹೇಳಿಕೊಟ್ಟಿದ್ದು ಒಂದೇ ಒಂದು ಸಲ. ನೆವಾರ್ಕ್ ಏರ್‌ಪೋರ್ಟಿನಲ್ಲಿ ಇಮಿಗ್ರೇಶನ್ ಆಫೀಸರ್ ಯಾಕೆ ಬಂದಿದ್ದೀರಿ ಅಂತ ಕೇಳಿದರೆ 'ಮೊಮ್ಮಗಳನ್ನ ನೋಡೋಕೆ' ಅನ್ನಬೇಕು, 'ನೋಡ್ಕೊಳ್ಳೋಕೆ' ಅನ್ನಬಾರದು. ವಾಟ್ಸಾಪ್ ವಿಡಿಯೋದಲ್ಲಿ ನಾಲ್ಕು ಸಲ ಪ್ರಾಕ್ಟೀಸ್ ಮಾಡಿಸಿದೆ. ಇಂಗ್ಲಿಷಿನಲ್ಲಿ 'ಸೀ' ಅನ್ನು, 'ಟೇಕ್ ಕೇರ್' ಅನ್ನಬೇಡ ಅಂದೆ.

ದಾವಣಗೆರೆಯ ಮನೆಯ ಹಾಲಿನಲ್ಲಿ ಕೂತು ಅಮ್ಮ ಕೇಳಿದಳು: "ಎರಡರಲ್ಲಿ ನಿಜ ಯಾವುದಪ್ಪ?"

ವೀಸಾ ಮಾಡಿಸಿದವರಿಗೆ ಇದು ಗೊತ್ತಿರುತ್ತೆ. ಬಿ-2 ಅಂದರೆ ಭೇಟಿಗೆ ಬರೋರ ವೀಸಾ. ಸ್ಟಿಕ್ಕರ್ ಹತ್ತು ವರ್ಷದ್ದು, ಆದರೆ ಪ್ರತಿ ಸಲ ಎಷ್ಟು ದಿನ ಇರಬಹುದು ಅನ್ನೋದನ್ನು ಇಳಿದ ಜಾಗದಲ್ಲಿ ಆಫೀಸರ್ ನಿರ್ಧರಿಸ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಕೆಲಸ ಮಾಡೋ ಹಾಗಿಲ್ಲ. ಅಜ್ಜಿ ಮೊಮ್ಮಗಳಿಗೆ ಅನ್ನ ಕಲಸಿ ತಿನ್ನಿಸೋದು ಕೆಲಸವಾ? ಅಲ್ಲ ಅಂತ ನಾವೆಲ್ಲ ತಕ್ಷಣ ಅಂತೀವಿ. ಅದೇ ಅನ್ನವನ್ನು ಡೇಕೇರಿನವರು ತಿನ್ನಿಸಿದರೆ ಮಾತ್ರ ಕೆಲಸ, ಅದಕ್ಕೆ ತಿಂಗಳಿಗೆ ನಮ್ಮ ಮನೆ ಬಾಡಿಗೆಗೆ ಹತ್ತಿರಹತ್ತಿರ ದುಡ್ಡು. ಅಮ್ಮ ಬಂದರೆ ಆ ದುಡ್ಡು ಉಳಿಯುತ್ತೆ. ಈ ಲೆಕ್ಕವನ್ನು ನಾನೂ ಹೆಂಡತಿಯೂ ಎಂದೂ ಬಾಯಿಬಿಟ್ಟು ಮಾಡಿಲ್ಲ. ಮಾಡದೆಯೇ ಇಬ್ಬರಿಗೂ ಮೊತ್ತ ಗೊತ್ತಿತ್ತು.

ಹೀಗೆ ಅಕ್ಟೋಬರಿನಿಂದ ಮಾರ್ಚ್ ಎಡಿಸನ್, ಏಪ್ರಿಲಿನಿಂದ ಸೆಪ್ಟೆಂಬರ್ ದಾವಣಗೆರೆ ಅಂತ ಅಮ್ಮನ ವರ್ಷ ಎರಡು ಹೋಳಾಯಿತು. ಅವಳು ಇದಕ್ಕೆ ಇಟ್ಟ ಹೆಸರು 'ಗುಳೆ'. ಜಗಳೂರು, ಹರಪನಹಳ್ಳಿ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿ ಕಾಫಿ ಸೀಮೆಗೋ ಬೆಂಗಳೂರಿಗೋ ಹೋಗೋದು, ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ ಆಗೋದು, ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರು. ಅಮ್ಮ ಅದನ್ನೆಲ್ಲ ನೋಡಿದವಳು. ಆ ಗುಳೆಯಲ್ಲಿ ಹರೆಯದವರು ಹೋಗ್ತಿದ್ದರು, ಮುದುಕರು ಊರಲ್ಲಿ ಉಳೀತಿದ್ದರು. ನಮ್ಮದರಲ್ಲಿ ಹರೆಯದವನು ಹೋಗಿ ಕೂತಿದ್ದಾನೆ, ಅವನ ಹಿಂದೆ ಮುದುಕಿ ಪ್ರತಿ ವರ್ಷ ಗುಳೆ ಹೋಗಬೇಕು.

ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ ಅನ್ನಿಸಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಒಬ್ಬಳೇ ಇರೋದಕ್ಕಿಂತ ಮೊಮ್ಮಗಳ ಜೊತೆ ಇರೋದು ಅವಳಿಗೂ ಸುಖ ಅಂತ ಎಲ್ಲರಿಗೂ ಹೇಳ್ತಿದ್ದೆ. ಸುಳ್ಳಲ್ಲ. ಮಗಳು ಅಜ್ಜಿಯ ಸೆರಗು ಹಿಡಿದೇ ನಡೆಯೋದು ಕಲಿತಿದ್ದು. ಆದರೆ ನಾನು ಲೆಕ್ಕಕ್ಕೆ ತಗೊಳ್ಳದ ಒಬ್ಬರಿದ್ದರು.

ದೊಡ್ಡಮ್ಮ ಹರಿಹರದಲ್ಲಿದ್ದರು, ದೇವಸ್ಥಾನದ ಹಿಂದಿನ ಓಣಿಯಲ್ಲಿ. ದೊಡ್ಡಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಗೆ ಅಮ್ಮ ಗುರುವಾರ ಮತ್ತು ಭಾನುವಾರ ಬಸ್ ಹತ್ತಿ ಹೋಗೋಳು. ಹದಿನಾಲ್ಕು ಕಿಲೋಮೀಟರು. ಮಾತ್ರೆ ಡಬ್ಬಿ ತುಂಬೋದು, ಉಗುರು ಕತ್ತರಿಸೋದು, ತಲೆಗೆ ಎಣ್ಣೆ, ಮನಸ್ಸಾದರೆ ಇಬ್ಬರೂ ಹೊಳೆ ಕಡೆ ಹೋಗಿ ಕೂರೋದು. ಮಂಡಕ್ಕಿ ಮೆಣಸಿನಕಾಯಿಯನ್ನು ಡಾಕ್ಟರಿಗೆ ಗೊತ್ತಾಗದ ಹಾಗೆ ತಿನ್ನೋದು. ಅಕ್ಟೋಬರ್ ಬಂದ ಕೂಡಲೇ ಇದೆಲ್ಲ ನಿಲ್ತಿತ್ತು. ಪಕ್ಕದ ಮನೆ ಹುಡುಗಿ ದಿನಾ ಸಂಜೆ ವಿಡಿಯೋ ಕಾಲ್ ಹಚ್ಚಿಕೊಡೋಳು. ಅಂದರೆ ಆರು ತಿಂಗಳು ಅಮ್ಮ ಅಕ್ಕನನ್ನ ನೋಡ್ತಿದ್ದಳು. ನೋಡ್ಕೊಳ್ಳೋರು ಯಾರೂ ಇರಲಿಲ್ಲ.

ಹರಿಹರೇಶ್ವರನ ಮೂರ್ತಿ ನೀವು ನೋಡಿರಬಹುದು. ಹೊಯ್ಸಳರ ದಂಡನಾಯಕ ಪೋಲಾಳ್ವ 1220ರ ದಶಕದಲ್ಲಿ ಕಟ್ಟಿಸಿದ ಗುಡಿ, ಒಂದೇ ಮೈಯಲ್ಲಿ ಅರ್ಧ ಹರ, ಅರ್ಧ ಹರಿ. ಮೊದಲ ಸಲ ವಾಪಸ್ ಬಂದಾಗ ದೊಡ್ಡಮ್ಮ, "ನೀನೂ ಅವನ ಹಂಗೆ ಆದೆ ಬಿಡು, ಅರ್ಧ ಅಲ್ಲಿ ಅರ್ಧ ಇಲ್ಲಿ" ಅಂದರಂತೆ. ಅಮ್ಮ, "ಅವನಿಗೇನಕ್ಕ, ಎರಡೂ ಅರ್ಧ ಒಂದೇ ಕಡೆ ನಿಂತಾವೆ" ಅಂದಳಂತೆ.

ಮೂರನೇ ಚಳಿಗಾಲ, ಫೆಬ್ರವರಿ. ರಾತ್ರಿ ಹತ್ತೂವರೆಗೆ ಫೋನ್ ಬಂತು. ದೊಡ್ಡಮ್ಮ ಬೆಳಗಿನ ಜಾವ ಹೋಗಿದ್ದರು, ಮಧ್ಯಾಹ್ನ ಮೂರಕ್ಕೆ ಮಣ್ಣು. ಅದಕ್ಕೆ ಹೋಗಿ ಮುಟ್ಟೋಕೆ ಸಾಧ್ಯವೇ ಇರಲಿಲ್ಲ, ಅಮ್ಮನೂ ಅದನ್ನ ಕೇಳಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗ್ತೀನಿ ಅಂದಳು. ಟಿಕೆಟ್ ಇತ್ತು, ಸಮಯವೂ ಇತ್ತು.

ನಾನು ಹೇಳಿದೆ: ಈಗ ಹೋದರೆ ಮತ್ತೆ ಬೇಗ ವಾಪಸ್ ಬರೋಕಾಗಲ್ಲ. ಇಷ್ಟು ಬೇಗ ಮತ್ತೆ ಯಾಕೆ ಬಂದಿರಿ ಅಂತ ಆಫೀಸರ್ ಕೇಳ್ತಾರೆ. ಬಿಡೋದು ಬಿಡದೇ ಇರೋದು ಅವರ ಇಷ್ಟ. ಒಂದು ಸಲ ವಾಪಸ್ ಕಳಿಸಿದರೆ ವೀಸಾಕ್ಕೇ ಕುತ್ತು.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ವಕೀಲರನ್ನ ಕೇಳಿ, ಹೀಗೇ ಹೇಳ್ತಾರೆ. ಆದರೆ ಅಮ್ಮ ಹೋಗಿ ಬೇಗ ವಾಪಸ್ ಬರಬೇಕು ಅಂತ ಯಾರು ಕೇಳಿದ್ದರು? ಹೇಗೂ ಮಾರ್ಚ್ ಕೊನೆಗೆ ಹೋಗಲೇಬೇಕಿತ್ತು. ಏಳು ವಾರ ಮೊದಲು ಹೋಗ್ತಿದ್ದಳು, ಅಷ್ಟೇ. ಆ ಏಳು ವಾರ ಮಗಳನ್ನ ಎಲ್ಲಿ ಬಿಡೋದು ಅನ್ನೋದು ನನ್ನ ಸಮಸ್ಯೆ. ಅದನ್ನ ನಾನು ಕಾಣದ ಒಬ್ಬ ಆಫೀಸರನ ತಲೆಗೆ ಕಟ್ಟಿದೆ. ನಮ್ಮಲ್ಲಿ ಬಹಳ ಜನ ಇದನ್ನ ಮಾಡ್ತೀವಿ ಅಂತ ನನ್ನ ಗುಮಾನಿ. ನಮಗೆ ಬೇಡವಾದ್ದಕ್ಕೆ 'ರೂಲ್ಸ್ ಇಲ್ಲ' ಅಂತೀವಿ. ಕೆನಡಾದಲ್ಲಿ ಇದ್ದಿದ್ದರೆ ಈ ನೆಪವೂ ಸಿಗ್ತಿರಲಿಲ್ಲ. ಅಲ್ಲಿನ ಸೂಪರ್ ವೀಸಾದಲ್ಲಿ ಒಂದೇ ಸಲಕ್ಕೆ ಐದು ವರ್ಷ ಇರಬಹುದು. ಆಗ ಏನು ಹೇಳ್ತಿದ್ದೆನೋ. ಬೇರೆ ಏನಾದರೂ ಸಿಕ್ಕೇ ಸಿಗೋದು.

ಅಮ್ಮ ವಾದ ಮಾಡಲಿಲ್ಲ. ಹನ್ನೊಂದನೇ ದಿನ ಫೋನಿನಲ್ಲಿ ಕಾರ್ಯ ನೋಡಿದಳು. ಮಧ್ಯೆ ಮಗಳು ಎದ್ದು ಅತ್ತಳು, ಫೋನ್ ಕೆಳಗಿಟ್ಟು ಎತ್ತಿಕೊಂಡಳು.

ಎರಡು ವಾರದ ಮೇಲೆ ನಮ್ಮ ಟ್ಯಾಕ್ಸ್ ನೋಡುವವರು ಒಂದು ಫಾರಂ ಕಳಿಸಿದರು, ನಂಬರ್ 8840. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಈ ವರ್ಷ ಇದ್ದ ದಿನಗಳು ಪೂರ್ತಿ, ಹಿಂದಿನ ವರ್ಷದ್ದು ಮೂರರಲ್ಲೊಂದು ಪಾಲು, ಅದರ ಹಿಂದಿನದು ಆರರಲ್ಲೊಂದು ಪಾಲು. ಕೂಡಿಸಿ 183 ದಾಟಿದರೆ ನೀವು ಇಲ್ಲಿನವರೇ ಅಂತ ತಿಳೀತಾರೆ. ಅಮ್ಮನದು ದಾಟಿತ್ತು. 'ಅಲ್ಲ, ನನಗೆ ಇನ್ನೊಂದು ದೇಶದ ನಂಟೇ ಹೆಚ್ಚು' ಅಂತ ತೋರಿಸೋಕೆ ಈ ಫಾರಂ. ಅಮ್ಮನ ಪಕ್ಕ ಕೂತು ಪ್ರಶ್ನೆ ಓದುತ್ತಾ ಹೋದೆ. ಖಾಯಂ ಮನೆ ಎಲ್ಲಿತ್ತು? ದಾವಣಗೆರೆ. ಕಾರು? "ಇದ್ದರೆ ತಾನೆ." ಮನೆ ಸಾಮಾನು? ದಾವಣಗೆರೆ. ಬ್ಯಾಂಕು? ಅದೂ ಅಲ್ಲೇ. ಓಟು? ವರ್ಷಗಟ್ಟಲೆ ಚುನಾವಣೆ ಡ್ಯೂಟಿ ಮಾಡಿದವಳಿಗೆ ಆ ಪ್ರಶ್ನೆ ಕೇಳಿ ನಗು ಬಂತು.

ನಿಮ್ಮ ಕುಟುಂಬ ಎಲ್ಲಿತ್ತು?

ನನ್ನ ಬೆರಳು ಕೀಬೋರ್ಡ್ ಮೇಲೆ ನಿಂತಿತು. ಒಬ್ಬನೇ ಮಗ ಪಕ್ಕದಲ್ಲೇ ಕೂತಿದ್ದೆ. ಮೊಮ್ಮಗಳು ಅವಳ ತೊಡೆ ಮೇಲಿದ್ದಳು.

"ಇದು ಹೋದ ವರ್ಷದ್ದು ಅಲ್ಲವೇನಪ್ಪ?" ಅಂದಳು. ಹೌದು ಅಂದೆ.

"ಹೋದ ವರ್ಷ ಅಕ್ಕ ಇದ್ದಳಲ್ಲ. ಹರಿಹರ ಅಂತ ಬರಿ."

ಬರೆದೆ. ಈಗ ಆಗಸ್ಟ್. ಮೂರು ವಾರದ ರಜೆ ಹಾಕಿ ಅಮ್ಮನನ್ನ ನೋಡೋಕೆ ದಾವಣಗೆರೆಗೆ ಬಂದಿದ್ದೀನಿ. ಅಕ್ಟೋಬರಿನ ಟಿಕೆಟ್ ಇನ್ನೂ ತೆಗೆದಿಲ್ಲ, ಅವಳೂ ಕೇಳಿಲ್ಲ. ಮಗಳ ಹೆಸರನ್ನ ಡೇಕೇರಿನಲ್ಲಿ ಬರೆಸಿ ಬಂದೆ ಅಂತ ನಿನ್ನೆ ಹೇಳಿದೆ. "ಅಲ್ಲಿ ಅನ್ನ ಯಾರು ತಿನ್ನಸ್ತಾರೆ?" ಅಂದಳು. ಇವತ್ತು ಗುರುವಾರ. ಬೆಳಿಗ್ಗೆ ಬೇಗ ಎದ್ದು ಸೀರೆ ಉಟ್ಟು ರೆಡಿಯಾಗಿದ್ದಾಳೆ, ಹರಿಹರದ ಮನೆ ಬೀಗ ತೆಗೆದು ಕಸ ಗುಡಿಸಿ ಬರಬೇಕಂತೆ. ಬೈಕಿನಲ್ಲಿ ಬಿಡ್ತೀನಿ ಅಂದರೆ ಕೇಳಲಿಲ್ಲ. ಬಸ್ಸೇ ಸರಿ ಅಂದಳು. ನಾನೂ ಚಪ್ಪಲಿ ಹಾಕ್ಕೊಂಡು ಹಿಂದೆ ಹೊರಟೆ.